ಹೊಗೆಯಲ್ಲಿ ಒಂದು ಫೋಟೋ

ಪಕ್ಕದ ದೇಶದ ಕಾಡ್ಗಿಚ್ಚಿನ ಹೊಗೆ ನಮ್ಮ ಬಡಾವಣೆ ಬುಕಿತ್ ಬಾಟೋಕ್‌ಗೂ ಕವಿದು, ವಾರದಿಂದ ನಾವೆಲ್ಲ ಕಿಟಕಿ ಮುಚ್ಚಿಕೊಂಡು ಫ್ಲಾಟಿನೊಳಗೇ ಕೊಳೆಯುತ್ತಿದ್ದೆವು. ಖುಷಿಯಾಗಿದ್ದವಳು ಎದುರುಮನೆಯ ಅಮೆರಿಕದ ಹೆಂಗಸೊಬ್ಬಳೇ. ಸ್ಕಾಟ್ಲೆಂಡಿನ ಬೆಟ್ಟಗುಡ್ಡವೆಂದರೆ ಅವಳಿಗೆ ಹುಚ್ಚು. ಗಂಡ ಸ್ಕಾಟ್ಲೆಂಡಿನವನೇ.

ಅವನಿಗೆ ಅಲ್ಲಿನ ಗಂಡಸರು ಉಡುವ ಚೌಕಳಿಯ ಲಂಗ, ಕಿಲ್ಟ್ ಉಡಿಸಿ, ಕಾರಿಡಾರಿನಲ್ಲಿ ನಿಲ್ಲಿಸಿ, ನನ್ನ ಕೈಗೆ ಫೋನ್ ಕೊಟ್ಟಳು.

“ಈ ಹೊಗೆ ಥೇಟ್ ನಿಮ್ಮೂರಿನ ಮಂಜೇ! ಮಾಸ್ಕ್ ತೆಗಿ,” ಎಂದಳು ಗಂಡನಿಗೆ.

ಪಾಪ, ಅವನು ಬೆಳೆದದ್ದು ಪಟ್ಟಣದ ಇಂಥದೇ ಫ್ಲಾಟಿನಲ್ಲಿ. “ಬೆಟ್ಟ ಹತ್ತಿದವನೇ ಅಲ್ಲ ನಾನು. ಎಷ್ಟು ಸಲ ಹೇಳಿದ್ರೂ ಅವಳ ಕಿವಿಗೇ ಹೋಗಲ್ಲ,” ಎಂದು ಲಿಫ್ಟಿನಲ್ಲಿ ನನಗೊಮ್ಮೆ ಹೇಳಿದ್ದ.

ಮಾಸ್ಕ್ ತೆಗೆದವನೇ ಉಸಿರು ಬಿಗಿಹಿಡಿದು, ದೂರದ ಶಿಖರವನ್ನು ದಿಟ್ಟಿಸುವಂತೆ ಎದುರಿನ ಬ್ಲಾಕನ್ನು ದಿಟ್ಟಿಸಿದ. ಅವಳ ಮೇಲೆ ನನಗೆ ರೇಗಿತು. ಬೇಗನೆ ಕ್ಲಿಕ್ಕಿಸಿದೆ.

ಅವಳು ಫೋಟೋ ನೋಡಿ ಕರಗಿಹೋದಳು.

“ಇನ್ನೊಂದು,” ಎಂದಳು.