ತಾಂಡಾದ ಮಾತಿನ ಪ್ರಾರ್ಥನೆ

ಮಳಗಿಯ ಆಚೆ, ಕಾಡಿನಂಚಿನ ಲಂಬಾಣಿ ತಾಂಡಾದಲ್ಲಿ ಮೀರಾಬಾಯಿ ಎಂದರೆ ಜನಕ್ಕೆ ಮೊದಲು ನೆನಪಾಗುತ್ತಿದ್ದುದು ಅವಳ ದನಿ. ಹೋಳಿಯ ಹಾಡಿರಲಿ, ಮದುವೆಯಾದ ಹುಡುಗಿಯನ್ನು ಕಳಿಸಿಕೊಡುವ ಅಳುಹಾಡಿರಲಿ, ಅವಳು ಎತ್ತಿಕೊಡದೆ ಉಳಿದ ಹೆಂಗಸರು ಬಾಯಿ ತೆರೆಯುತ್ತಿರಲಿಲ್ಲ.

ಗಂಡ ಲಾಲಪ್ಪ ಕುಡಿದು ಕುಡಿದು ಹಾಸಿಗೆ ಹಿಡಿದಾಗ ಹಳಿಯಾಳದ ಕಡೆಯಿಂದ ಲಗಮಪ್ಪನೆಂಬ ಮುದುಕ ಕ್ರೈಸ್ತ ಉಪದೇಶಿ ಸೈಕಲ್ ತುಳಿದುಕೊಂಡು ಬಂದು, ಅವನ ಪಕ್ಕ ಕೂತು ಪ್ರಾರ್ಥಿಸುತ್ತಿದ್ದ. ಲಾಲಪ್ಪ ಬದುಕಲಿಲ್ಲ. ಆದರೆ ಆ ಕೊನೆಯ ತಿಂಗಳುಗಳಲ್ಲಿ ಹೆಂಡತಿಯ ಮೇಲೆ ಕೈ ಎತ್ತಲಿಲ್ಲ, ಪುಟ್ಟ ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕಥೆ ಹೇಳಿದ, ಸಮಾಧಾನವಾಗಿ ಕಣ್ಣು ಮುಚ್ಚಿದ. ಮೀರಾಬಾಯಿಗೆ ಅಷ್ಟು ಸಾಕಾಯಿತು. ಅವಳು ಯೇಸುವನ್ನು ನಂಬಿದಳು.

"ನನಗ ಕನ್ನಡದಾಗ ಪ್ರಾರ್ಥನಾ ಮಾಡಾಕ ಬರೂದಿಲ್ಲರಿ," ಎಂದಳು ಲಗಮಪ್ಪನಿಗೆ.

"ನಿಮ್ಮ ಮಾತಿನ್ಯಾಗ ಮಾಡವಾ. ನೀ ಮಾತು ಬದಲಿ ಮಾಡಿದ್ರೂ ಅವ ಬದಲಾಗೂದಿಲ್ಲ."

ಹಾಗೆ ಅವಳು ತಾನೇ ಒಂದು ಪ್ರಾರ್ಥನೆ ಕಟ್ಟಿಕೊಂಡಳು, ತಾಂಡಾದ ಮಾತಿನಲ್ಲಿ, ಬೀಸುವಾಗ ಹಾಡುವ ಧಾಟಿಯಲ್ಲಿ. ಭಾನುವಾರ ಅವಳ ಅಂಗಳದಲ್ಲಿ ಐದಾರು ಮನೆಯವರು ಸೇರುತ್ತಿದ್ದರು. ಮಗಳು ರೀನಾ ತಾಯಿಯ ಲಂಗಕ್ಕೆ ಅಂಟಿಕೊಂಡು ಕೂತು ಹಾಡುತ್ತಿದ್ದಳು.

ತೊಂಬತ್ತರ ದಶಕ ನಡೆದಂತೆ ತಾಂಡಾ ಬೇರೆಯಾಯಿತು. ಗಂಡಸರು ಗೋವಾಕ್ಕೆ ಗಾರೆ ಕೆಲಸಕ್ಕೆ ಹೋದರು, ಹಿಂದೆಯೇ ಹೆಂಗಸರೂ ಹೋದರು. ಟೀವಿ ಬಂತು. ಹುಡುಗಿಯರು ಕನ್ನಡಿ ಹೊಲಿದ ಕುಪ್ಪಸ ಬಿಟ್ಟು ಚೂಡಿದಾರ ಹಾಕಿದರು, ಒಬ್ಬರಿಗೊಬ್ಬರು ಕನ್ನಡದಲ್ಲೇ ಮಾತಾಡಿದರು. ಲಗಮಪ್ಪ ತೀರಿಕೊಂಡ. ಅಂಗಳದ ಪ್ರಾರ್ಥನೆಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು.

ರೀನಾಳನ್ನು ದಾಂಡೇಲಿಯ ಕಿರಣಕುಮಾರನಿಗೆ ಕೊಟ್ಟಿದ್ದರು. ಒಳ್ಳೆಯ ಹುಡುಗ, ವಿಶ್ವಾಸಿಗಳ ಮನೆತನ. ಅವರ ಚರ್ಚಿನ ಸಭೆಯಲ್ಲಿ ಕೀಬೋರ್ಡ್ ಇತ್ತು, ಮೈಕ್ ಇತ್ತು. ಮೀರಾಬಾಯಿ ಮೊದಲ ಸಲ ಅಲ್ಲಿಗೆ ಹೋದಾಗ ತನ್ನ ಲಂಗ ಕುಪ್ಪಸದಲ್ಲೇ ಹೋದಳು. ಆರಾಧನೆ ಮುಗಿದ ಮೇಲೆ ಒಬ್ಬ ಹೆಂಗಸು ರೀನಾಳನ್ನು ಕೇಳಿದಳು, "ಇವ್ರು ಯಾರು?"

"ನಮ್ಮ ಊರ ಕಡೆಯವ್ರು," ಎಂದಳು ರೀನಾ.

ಮೀರಾಬಾಯಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಅವಳು ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದಳು. ಆಮೇಲೆ ದಾಂಡೇಲಿಗೆ ಹೋಗಬೇಕಾದಾಗಲೆಲ್ಲ ಸೀರೆ ಉಟ್ಟುಕೊಂಡು ಹೋದಳು. ಸಭೆಯಲ್ಲಿ ತುಟಿ ಬಿಚ್ಚಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯಲ್ಲಿ ರೀನಾಳ ಗರ್ಭಕೋಶದಲ್ಲಿ ಕ್ಯಾನ್ಸರ್ ಕಾಣಿಸಿತು. ಹುಬ್ಬಳ್ಳಿಯ ಡಾಕ್ಟರು ಮಾಡುವಷ್ಟು ಮಾಡಿ, ಇನ್ನು ಮನೆಗೆ ಕರ್ಕೊಂಡು ಹೋಗ್ರಿ ಅಂದರು. ಮೀರಾಬಾಯಿ ಗಂಟು ಕಟ್ಟಿಕೊಂಡು ಮಗಳ ಮನೆಗೆ ಬಂದಳು. ಗಂಜಿ ಕುಡಿಸಿದಳು, ಮೈ ಒರೆಸಿದಳು, ಏನೂ ತಿಳಿಯದ ಮೊಮ್ಮಗಳು ಸುಮಿತಾಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದಳು.

ಒಂದು ಮಧ್ಯಾಹ್ನ ರೀನಾ ಕಣ್ಣು ತೆರೆದು, "ಯಾಡಿ," ಎಂದಳು. ತಾಂಡಾದ ಮಾತಿನಲ್ಲಿ ಯಾಡಿ ಎಂದರೆ ತಾಯಿ. ಮದುವೆಯಾದ ಮೇಲೆ ಅವಳ ಬಾಯಲ್ಲಿ ಆ ಶಬ್ದ ಬಂದಿರಲಿಲ್ಲ. "ಯಾಡಿ, ಅಂಗಳದಾಗ ಹಾಡತಿದ್ದಿಯಲ್ಲ, ಅದನ್ನ ಹಾಡು."

ಮೀರಾಬಾಯಿ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಹಾಡಿದಳು. ರೀನಾ ಜೊತೆಗೂಡಲು ನೋಡಿದಳು. ಅರ್ಧ ಮರೆತುಹೋಗಿತ್ತು.

"ಅವತ್ತು ಸಭಾದಾಗ ನಿನ್ನ..." ಎಂದು ಏನೋ ಹೇಳಹೊರಟಳು.

"ಸುಮ್ನ ಮಲಕ್ಕೊ," ಎಂದಳು ತಾಯಿ.

ಆ ವಾರದಲ್ಲೇ ರೀನಾ ಹೋದಳು.

ಮಣ್ಣಿಗೆ ಕೊಡುವಾಗ ಪಾಸ್ಟರು, ಕರ್ತನ ಬಳಿಗೆ ಹೋದವಳಿಗಾಗಿ ನಿರೀಕ್ಷೆ ಇಲ್ಲದವರ ಹಾಗೆ ಅಳಬಾರದು ಎಂದರು. ಜನ ಕರವಸ್ತ್ರ ಹಿಡಿದು ಮೌನವಾಗಿ ನಿಂತಿದ್ದರು. ಪೆಟ್ಟಿಗೆ ಕುಣಿಗೆ ಇಳಿಯುತ್ತಿದ್ದಂತೆ ಮೀರಾಬಾಯಿ ಅಂಚಿನಲ್ಲಿ ಕುಸಿದು ಕೂತು, ಸೆರಗು ಮುಖಕ್ಕೆ ಎಳೆದುಕೊಂಡು, ತಾಂಡಾದ ಹೆಂಗಸರು ಅಳುವ ಹಾಗೆ ರಾಗ ಎತ್ತಿ ಅತ್ತಳು. ಮಗಳ ಹೆಸರು ಹಿಡಿದು ಕರೆದಳು. ಯೇಸುವಿನ ಹೆಸರು ಹಿಡಿದು, ನನ್ನ ಕೂಸನ್ನು ಎಲ್ಲಿಗೆ ಒಯ್ದೆ ಎಂದು ಕೇಳಿದಳು.

ಕಿರಣಕುಮಾರ ಬಗ್ಗಿ, "ಅತ್ತೀ, ಸಾಕು ಮಾಡ್ರಿ. ಮಂದಿ ನೋಡಾಕತ್ತಾರ," ಎಂದ.

ಅವಳು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವನೂ ಅವಳ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತುಬಿಟ್ಟ. ಪಾಸ್ಟರು ಪುಸ್ತಕ ಮುಚ್ಚಿ ಕಾದರು.

ವರ್ಷ ಕಳೆದ ಮೇಲೆ ಕಿರಣಕುಮಾರ ಮತ್ತೆ ಮದುವೆಯಾದ. ಸುಮಿತಾ ಒಂದು ಬೇಸಿಗೆಗೆ ತಾಂಡಾಕ್ಕೆ ಬಂದಳು, ಅಜ್ಜಿಯ ಮಾತು ಅವಳಿಗೆ ತಿಳಿಯಲಿಲ್ಲ. ಯಾಡಿ ಅನ್ನುವ ಶಬ್ದ ಕೇಳಿ ನಕ್ಕಳು. ಮೂರು ದಿನಕ್ಕೇ ಬೇಸರ ಬಂದು, ಅಪ್ಪನಿಗೆ ಫೋನು ಮಾಡಿಸಿ ಹೊರಟುಹೋದಳು. ಮತ್ತೆ ಬರಲಿಲ್ಲ.

ಅಂಗಳದ ಪ್ರಾರ್ಥನೆಗೆ ಈಗ ಯಾರೂ ಬರುತ್ತಿರಲಿಲ್ಲ. ಮೀರಾಬಾಯಿ ಒಬ್ಬಳೇ ಕೂರುತ್ತಿದ್ದಳು. ಮಳಗಿ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಗುರುಬಸವ್ವ ಅವಳ ಹಳೆಯ ಗೆಳತಿ. ಅವಳು ಒಮ್ಮೆ ಸಂತೆ ಮುಗಿಯುವ ಹೊತ್ತಿಗೆ ತಡೆಯಲಾರದೆ ಕೇಳಿದಳು, "ಇದ್ದ ಒಂದು ಕೂಸನ್ನೂ ಕಸ್ಕೊಂಡ. ಇನ್ನೂ ಹೆಂಗ ಅವಗ ಕೈ ಮುಗೀತಿಯವಾ?"

ಮೀರಾಬಾಯಿ ಚೀಲ ಕೆಳಗಿಟ್ಟು ಅವಳ ಪಕ್ಕ ಕೂತಳು.

"ಸಿಟ್ಟು ಬರ್ತೈತಿ," ಎಂದಳು. "ದಿನಾ ಜಗಳಾ ಮಾಡ್ತೇನಿ. ಊರು ಬ್ಯಾರೆ ಆತು, ಮಂದಿ ಬ್ಯಾರೆ ಆದ್ರು, ನನ್ನ ಮಾತು ತಿಳಿಯೋರು ಯಾರೂ ಉಳೀಲಿಲ್ಲ. ಅವ ಒಬ್ಬ ಮೊದಲಿನಂಗ ಅದಾನ. ಜಗಳಾಡಾಕ ಮತ್ತ ಯಾರ ಹಂತ್ಯಾಕ ಹೋಗ್ಲಿ?"

ಗುರುಬಸವ್ವ ಉಳಿದಿದ್ದ ಎರಡು ಸಿವುಡು ಮೆಂತ್ಯೆ ಪಲ್ಲೆಯನ್ನು ಗೆಳತಿಯ ಚೀಲಕ್ಕೆ ಹಾಕಿದಳು. ಇಬ್ಬರೂ ಬಸ್ಸು ಬರುವವರೆಗೆ ಅಲ್ಲೇ ಕೂತರು.