ಹರಿದ ದೋಸೆಯ ಮನೆಯಲ್ಲಿ ಕೊಟ್ಟ ಮಾತು

ಮಗಳ ಆಫೀಸಿನ ಯಜಮಾನರು ಆಸ್ಟ್ರಿಯಾ ದೇಶದವರು. ಒಂದು ಶುಕ್ರವಾರ ನಮ್ಮನ್ನು ಊಟಕ್ಕೆ ಕರೆದರು. ನನಗೆ ಹೋಗಲು ಮನಸ್ಸಿರಲಿಲ್ಲ. ಗಲ್ಫಿನಲ್ಲಿ, ಅಲ್ ಸದ್ದ್‌ನ ಮಗಳ ಫ್ಲ್ಯಾಟಿನಲ್ಲಿ, ಎರಡು ವರ್ಷದ ಮೊಮ್ಮಗಳ ಹಿಂದೆ ಮೂರು ತಿಂಗಳು ಓಡಿ ಮಂಡಿ ಸವೆದಿತ್ತು. ಅಳಿಯನಿಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ, ಶುಕ್ರವಾರವೂ ರಜೆಯಿಲ್ಲ. ಮುಂದಿನ ವಾರ ನಾನು ಊರಿಗೆ ಹೊರಡುವವಳು. ಅಲ್ಲಿ ಹಲಸು ಬಲಿಯುವ ಸಮಯ. ಎರಡು ಹೋಟೆಲಿಗೆ ವರ್ಷದ ಹಪ್ಪಳ ಕೊಡುವವಳು ನಾನೇ. ಬಿಸಿಲು ತಪ್ಪಿದರೆ ಹಪ್ಪಳವಿಲ್ಲ.

ಕಾರು ಓಡಿಸುತ್ತಾ ಮಗಳು ಬಾಯಿಬಿಟ್ಟಳು.

“ಅಮ್ಮಾ, ವಿಯೆನ್ನಾಕ್ಕೆ ಟ್ರೈನಿಂಗಿಗೆ ಒಬ್ಬರನ್ನು ಕಳಿಸ್ತಾರಂತೆ. ಮೂರು ತಿಂಗಳು. ನನ್ನ ಹೆಸರುಂಟು.”

“ಮಗುವನ್ನು ಯಾರು ನೋಡುದು?”

ಅವಳು ಸಿಗ್ನಲ್ಲನ್ನೇ ನೋಡಿದಳು. ನನಗೆ ಉತ್ತರ ಸಿಕ್ಕಿತು.

ಆ ಮನೆಯಲ್ಲಿ ಬಾಗಿಲಲ್ಲೇ ಚಪ್ಪಲಿ ತೆಗೆಸಿ, ಒಳಗೆ ಹಾಕಲು ಬೇರೆಯದು ಕೊಟ್ಟರು. ಬಿಳಿಯರಲ್ಲಿ ಇಷ್ಟು ಮಡಿ ಇದೆಯೆಂದು ತಿಳಿದಿರಲಿಲ್ಲ. ಆಲೂಗಡ್ಡೆ, ಹುಳಿ ಹಾಕಿದ ಸೌತೆಕಾಯಿ, ಬ್ರೆಡ್ಡಿನ ಹುಡಿಯಲ್ಲಿ ಹೊರಳಿಸಿ ಕರಿದ ಕೋಳಿ. ಖಾರವೆಂಬುದೇ ಇಲ್ಲ, ಆದರೂ ತಿನ್ನಬಹುದು.

ಆಮೇಲೆ ಯಜಮಾನರ ಹೆಂಡತಿ ಬಾಣಲೆಗೆ ದಪ್ಪ ಹಿಟ್ಟು ಹೊಯ್ದರು. ಉಬ್ಬಿದ ದೋಸೆಯನ್ನು ಎರಡು ಫೋರ್ಕ್ ಹಿಡಿದು ಚೂರುಚೂರು ಹರಿದರು. ಪಾಪ, ತಳ ಹಿಡಿಯಿತು, ನೆಂಟರೆದುರು ಮರ್ಯಾದೆ ಹೋಯಿತು ಅಂದುಕೊಂಡೆ. ಅವರು ಚೂರುಗಳನ್ನು ತಟ್ಟೆಗೆ ಹಾಕಿದ್ದೇ ಎದ್ದೆ. ಅಲ್ಲಿದ್ದ ಈರುಳ್ಳಿಯೊಂದನ್ನು ಅರ್ಧ ಕೊಯ್ದು, ಎಣ್ಣೆಗೆ ಅದ್ದಿ, ಬಾಣಲೆಗೆ ಚೆನ್ನಾಗಿ ಉಜ್ಜಿದೆ.

“ಅಮ್ಮಾ! ಎಂತ ಮಾಡ್ತಿದ್ದೀ ಮಾರಾಯ್ತಿ! ಅದನ್ನು ಹರಿದೇ ಕೊಡುದು. ರಾಜ ತಿಂತಿದ್ದ ಸಿಹಿತಿಂಡಿ ಅದು!”

“ರಾಜನಿಗೆ ಇಡೀ ದೋಸೆಗೆ ಗತಿ ಇರ್ಲಿಲ್ವಾ?”

ಮಗಳ ಮುಖ ಬಿಳುಚಿತು. ಆ ಹೆಂಗಸು ಬಿಡದೆ ಅರ್ಥ ಕೇಳಿ, ಕಣ್ಣೊರೆಸಿಕೊಂಡು ನಕ್ಕರು. ಎರಡನೆಯ ದೋಸೆ ಈರುಳ್ಳಿ ನಾತದೊಂದಿಗೇ ಬೆಂದಿತು. ಯಜಮಾನರು ಸಕ್ಕರೆ ಹುಡಿ, ಪ್ಲಮ್ ಹಣ್ಣಿನ ಗೊಜ್ಜು ಸೇರಿಸಿ ತಟ್ಟೆ ಖಾಲಿ ಮಾಡಿದರು. ನಂತರ ಕಾಫಿ. ಪ್ರತಿ ಕಪ್ಪಿನ ಜೊತೆ ಒಂದು ಪುಟ್ಟ ಲೋಟ ನೀರು. ಅವರ ದೇಶದಲ್ಲಿ ಒಂದೇ ಕಾಫಿಗೆ ಅರ್ಧ ದಿನ ಕೂತರೂ ಯಾರೂ ಏಳಿಸುವುದಿಲ್ಲವಂತೆ. ಆ ದೇಶದಲ್ಲಿ ಮಕ್ಕಳನ್ನು ಯಾರು ನೋಡುತ್ತಾರೋ.

ಯಜಮಾನರು ನನ್ನ ಕಡೆ ನೋಡಿ ಏನೋ ಕೇಳಿದರು.

“ನೀನು ಇರ್ತೀಯಾ ಅಂತ ಕೇಳ್ತಿದ್ದಾರೆ,” ಎಂದಳು ಮಗಳು. “ಇಲ್ಲದಿದ್ರೆ ಇನ್ನೊಬ್ಬನನ್ನು ಕಳಿಸ್ತಾರಂತೆ.”

“ಹಪ್ಪಳ?”

ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ತಲೆ ತಗ್ಗಿಸಿ ಮಡಿಲಲ್ಲಿದ್ದ ಮಗುವಿನ ಬಾಯಿ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ನನಗೆ ವಾದ ಮಾಡುವಷ್ಟು ತ್ರಾಣವಿರಲಿಲ್ಲ.

“ಇರ್ತೇನೆ ಹೇಳು. ಆದ್ರೆ ಅಡುಗೆ ಒಂದೇ ಹೊತ್ತು. ನಿನ್ನ ಗಂಡನಿಗೂ ಹೇಳಿಡು.”

ಅವಳು ವಿಯೆನ್ನಾಕ್ಕೆ ಹೋದಳು. ಅಲ್ಲಿಂದ ಫೋನಿನಲ್ಲಿ ಅವಳದ್ದು ಬರೀ ತಿಂಡಿಯ ಸುದ್ದಿ. “ಇಲ್ಲಿ ದೋಸೆಯನ್ನು ಶಾವಿಗೆ ಹಾಗೆ ಹೆಚ್ಚಿ ಸೂಪಿಗೆ ಹಾಕ್ತಾರಮ್ಮಾ. ಭಾನುವಾರ ಒಂದು ಅಂಗಡಿಯೂ ತೆಗೆಯುದಿಲ್ಲ.”

“ಶನಿವಾರವೇ ತಂದಿಡು. ಮಗು ಎದ್ದಿತು, ಫೋನಿಡು.”

ಅವಳು ವಾಪಸು ಬಂದು ನಾನು ಊರು ಮುಟ್ಟುವಾಗ ಮಳೆ ಹಿಡಿದಿತ್ತು. ಎರಡೂ ಹೋಟೆಲಿನವರು ಬೇರೊಬ್ಬಳಿಂದ ಹಪ್ಪಳ ಕೊಂಡಿದ್ದರು. ಮರುವರ್ಷವೂ ಅವಳಿಂದಲೇ ಕೊಂಡರು. ಕೇಳಿದ್ದಕ್ಕೆ ಒಬ್ಬ, “ಅವಳದ್ದು ತೆಳು, ಅಮ್ಮ,” ಎಂದ. ಒಂದು ತಿಂದು ನೋಡಿದೆ. ನಿಜವೇ, ತೆಳುವಾಗಿತ್ತು.