ಅರ್ಧ ಹೆಬ್ಬೆಟ್ಟಿನ ಹೊಲ

ಮೊದಲಿಗೆ ಕ್ಷಮೆ ಕೇಳಬೇಕು. ನನ್ನ ಅಕ್ಷರ ಗೆರೆಯ ಮೇಲೆ ನಿಲ್ಲುವುದಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ. ಏಳನೇ ಕ್ಲಾಸು ಮುಗಿಯುವ ಮುಂಚೆಯೇ ಸ್ಕೂಲು ಬಿಟ್ಟವಳು, ಆದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ಬರುವಷ್ಟನ್ನು ಎರಡು ಸಲ ವಿಚಾರಿಸಿ, ಮೂರು ಸಲ ತಿದ್ದಿ ಬರೆದಿದ್ದೇನೆ. ತಪ್ಪಿದ್ದರೆ ಅದು ನನ್ನದು, ಡ್ರಾಯಿಂಗ್ ಮೇಷ್ಟ್ರು ಗುರುಶಾಂತಪ್ಪನವರದ್ದಲ್ಲ. ಅವರ ತಲೆಗೆ ಊರಿನವರು ಕಟ್ಟಿರುವ ತಪ್ಪುಗಳೇ ಬೇಕಾದಷ್ಟಿವೆ.

ಜಯನಗರದ ಹೊಸ ಮನೆಗಳ ಸಾಲು ಮುಗಿದು ರಾಗಿ ಹೊಲ ಶುರುವಾಗುವ ಕಡೆ, ಹೆಂಚು ಹೊದಿಸಿದ ಉದ್ದನೆಯ ಕಟ್ಟಡದಲ್ಲಿ ಊರ ಕಮಿಟಿಯವರು ನಡೆಸುವ ಮಿಡ್ಲ್ ಸ್ಕೂಲಿದೆ. ಗುರುಶಾಂತಪ್ಪನವರು ೧೯೫೯ರಲ್ಲಿ ತಿಪಟೂರಿನ ಕಡೆಯಿಂದ ಅಲ್ಲಿಗೆ ಬಂದರು. ಆರು ತಿಂಗಳಲ್ಲಿ ಖಾಯಂ ಮಾಡುತ್ತೇವೆ ಎಂದು ಹೆಡ್‌ಮಾಸ್ಟರ್ ವೆಂಕಟಾಚಲಯ್ಯನವರು ಮಾತು ಕೊಟ್ಟರು. ಆ ಆರು ತಿಂಗಳು ನಾಲ್ಕು ವರ್ಷ ನಡೆಯಿತು.

ನಾಲ್ಕು ವರ್ಷದಲ್ಲಿ ಮೇಷ್ಟ್ರ ಕಲೆಯನ್ನು ಶಾಲೆ ಚೆನ್ನಾಗಿಯೇ ಬಳಸಿಕೊಂಡಿತು. ಕಮಿಟಿ ಅಧ್ಯಕ್ಷರ ಗಾಡಿಯ ಹಲಗೆಗೆ ಅವರ ಹೆಸರು ಬರೆಸಿತು. ಸಂಕ್ರಾಂತಿಗೆ ಅದೇ ಅಧ್ಯಕ್ಷರ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿಸಿತು. ಕಾಂಪೌಂಡ್ ಗೋಡೆಯ ಮೇಲೆ ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಒಂದು ಅಡಿ ಎತ್ತರದ ಅಕ್ಷರದಲ್ಲಿ ಬರೆಸಿತು. ಮೇಷ್ಟ್ರ ಕೆಲಸಗಳಲ್ಲಿ ಅತಿ ಹೆಚ್ಚು ಜನ ನಿಂತು ನೋಡಿದ್ದು ಅದನ್ನೇ. ನಿಂತವರು ಅಲ್ಲಿ ಏನು ಮಾಡಿದರು ಎನ್ನುವುದು ಬೇರೆ ಮಾತು.

ಡ್ರಾಯಿಂಗ್ ಪೀರಿಯಡ್ಡು ಇದ್ದದ್ದು ಶುಕ್ರವಾರದ ಕೊನೆಯ ಗಂಟೆ. ಅದೂ ಲೆಕ್ಕದ ಪಾಠ ಹಿಂದುಳಿಯದಿದ್ದರೆ. ಲೆಕ್ಕದ ಪಾಠ ಹಿಂದುಳಿಯದ ವಾರ ಅಪರೂಪ. ಸಿಕ್ಕ ಗಂಟೆಯಲ್ಲಿ ಮೇಷ್ಟ್ರು ಗೆರೆ, ಆಕಾರ, ಬಣ್ಣ, ನೆರಳು ಬೆಳಕು, ದೂರ ಹತ್ತಿರ ಎಂದು ಒಂದೊಂದಾಗಿ ಹೇಳಿಕೊಡುತ್ತಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿ ಹಲಸಿನಕಾಯಿಯನ್ನೂ ಸಿಹಿಗುಂಬಳವನ್ನೂ ಮುಟ್ಟಿಸಿ, ಈಗ ಆ ಒರಟನ್ನು ಸ್ಲೇಟಿನ ಮೇಲೆ ತೋರಿಸಿ ಎನ್ನುತ್ತಿದ್ದರು. ಹಲಸಿನಕಾಯಿ ಮರುದಿನ ಹೆಡ್‌ಮಾಸ್ಟರರ ಮನೆಯ ಪಲ್ಯವಾಯಿತು.

ಒಂದು ಶುಕ್ರವಾರ ಕ್ಲಾಸನ್ನು ಪುಟ್ಟೇನಹಳ್ಳಿ ಕೆರೆ ಏರಿಗೆ ಕರೆದುಕೊಂಡು ಹೋದರು. ಮಕ್ಕಳು ಮೂವತ್ತೊಂದು, ಒಬ್ಬನಿಗೆ ಜ್ವರ, ಆದ್ದರಿಂದ ಮೂವತ್ತು.

“ಕೆರೆ ಯಾವ ಬಣ್ಣ?” ಎಂದು ಕೇಳಿದರು.

“ನೀಲಿ ಸಾರ್!” ಎಂದು ಮೂವತ್ತು ಗಂಟಲು ಕೂಗಿದವು. ಎದುರಿಗಿದ್ದ ಕೆರೆ ಸೋಸದ ಟೀ ಇದ್ದ ಹಾಗಿತ್ತು.

“ಯಾರ್ರೋ ನಿಮಗೆ ನೀಲಿ ಅಂದಿದ್ದು?”

“ಪುಸ್ತಕದಲ್ಲಿದೆ ಸಾರ್.”

“ಪುಸ್ತಕ ಬರೆದೋರು ಈ ಕಡೆ ಬಂದಿಲ್ಲ. ನೀವು ಬಂದಿದೀರಲ್ಲ, ನೋಡ್ರೋ.”

ಆಮೇಲೆ ದೂರ ಹತ್ತಿರದ ಪಾಠ. ಕೈ ಉದ್ದಕ್ಕೆ ಚಾಚಬೇಕು, ಒಂದು ಕಣ್ಣು ಮುಚ್ಚಬೇಕು, ಎದುರಿಗಿರುವುದು ಎಷ್ಟು ಹೆಬ್ಬೆಟ್ಟು ಅಗಲ ಕಾಣುತ್ತದೆ ಎಂದು ಅಳೆದು ಅಷ್ಟನ್ನೇ ಬರೆಯಬೇಕು. ಮೂವತ್ತು ಮಕ್ಕಳು ಏರಿಯ ಮೇಲೆ ಸಾಲಾಗಿ ನಿಂತು, ಒಂದು ಕಣ್ಣು ಮುಚ್ಚಿ, ಊರಿನ ಹೊಲಗಳ ಕಡೆ ಹೆಬ್ಬೆಟ್ಟು ತೋರಿಸಿದರು.

ಇದು ತಪ್ಪಾದದ್ದು ಹೇಗೆಂದರೆ, ತಿಂಗಳ ಹಿಂದೆ ಸರ್ವೆಯವರು ಬಂದಿದ್ದರು. ಮೂರು ಕಾಲಿನ ಮೆಶೀನು ನೆಟ್ಟು, ಒಂದು ಕಣ್ಣು ಮುಚ್ಚಿ, ಹೊಲಗಳನ್ನು ನೋಡಿ, ಅಲ್ಲಲ್ಲಿ ಕಲ್ಲು ಹುಗಿದು ಹೋಗಿದ್ದರು. ಬಡಾವಣೆ ಬರುತ್ತದಂತೆ, ಹೊಲ ಹೋಗುತ್ತದಂತೆ ಎನ್ನುವ ಮಾತು ಊರಿನಲ್ಲಿ ಬೆಳಿಗ್ಗೆ ಎದ್ದರೆ ಸಂಜೆ ಮಲಗುತ್ತಿರಲಿಲ್ಲ. ಅಂದಿನಿಂದ ಒಂದು ಕಣ್ಣು ಮುಚ್ಚಿದವರನ್ನು ಕಂಡರೆ ಯಾರೂ ಕೂರು ಎನ್ನುತ್ತಿರಲಿಲ್ಲ.

ಹಾಗಿರುವಾಗ ಎತ್ತುಗಳಿಗೆ ನೀರು ಕುಡಿಸಲು ಕಮಿಟಿ ಅಧ್ಯಕ್ಷ ತಿಮ್ಮರಾಯಪ್ಪನವರು ಏರಿಗೆ ಬಂದರು. ಶಾಲೆಗೆ ಜಾಗ ಕೊಟ್ಟವರು ಅವರೇ. ಅವರಿಗೆ ಓದು ಬರಹ ಬರುವುದಿಲ್ಲ. ಶಾಲೆಯ ಯಾವ ಕಾಗದವಾದರೂ ಅವರ ಹೆಬ್ಬೆಟ್ಟು ಬಿದ್ದ ಮೇಲೆಯೇ ಕಾಗದ.

“ಏನ್ರೋ ಮಾಡ್ತಿದೀರಿ?” ಎಂದು ಒಬ್ಬ ಹುಡುಗನನ್ನು ಕೇಳಿದರು.

“ಹೊಲ ಅಳೀತಾ ಇದೀವಿ ತಾತ.”

“ಯಾರ್ ಹೊಲ?”

“ಎಲ್ಲಾರ್ದೂ. ಬೈರಣ್ಣಂದು ಎರಡು ಹೆಬ್ಬೆಟ್ಟು. ನಿಮ್ದು ಅರ್ಧ.”

ಬೈರಣ್ಣನ ಹೊಲ ಏರಿಯ ಬುಡದಲ್ಲೇ ಇದೆ, ಒಂದೂವರೆ ಎಕರೆ. ತಿಮ್ಮರಾಯಪ್ಪನವರದ್ದು ಆಚೆ ದಿಣ್ಣೆಯ ಮೇಲೆ, ಮೂರು ಎಕರೆ. ಇಬ್ಬರಿಗೂ ಮಾತು ಬಿಟ್ಟು ಹನ್ನೊಂದು ವರ್ಷ. ತಿಮ್ಮರಾಯಪ್ಪನವರು ಪಕ್ಕದಲ್ಲಿ ಕೂತು ಬರೆಯುತ್ತಿದ್ದ ಸರಸ್ವತಿಯ ಕಾಗದವನ್ನು ಕಸಿದು ನೋಡಿದರು. ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುವವಳು ಅವಳು. ಆದ್ದರಿಂದ ಅನಾಹುತವೂ ಚೆನ್ನಾಗಿಯೇ ಆಗಿತ್ತು. ಬೈರಣ್ಣನ ಹೊಲ ಕಾಗದದ ಅರ್ಧ ತುಂಬಿತ್ತು. ದಿಣ್ಣೆಯ ಮೇಲಿನ ಮೂರು ಎಕರೆ ಹುಣಸೆ ಬೀಜದಷ್ಟಿತ್ತು.

ಸಂಜೆ ಮೇಷ್ಟ್ರಿಗೂ ಹೆಡ್‌ಮಾಸ್ಟರಿಗೂ ಅಧ್ಯಕ್ಷರ ಜಗಲಿಗೆ ಕರೆ ಬಂತು.

“ಮೇಷ್ಟ್ರೇ, ನಂದೆಷ್ಟು ಎಕ್ರೆ?”

“ಮೂರು, ಯಜಮಾನ್ರೇ.”

“ಬೈರಂದು?”

“ಒಂದೂವರೆ ಅಂತ ಕೇಳಿದೀನಿ.”

“ಕೇಳಿದೀರಿ! ಹಂಗಾರೆ ಗೊತ್ತಿದ್ದೂ ಬೇಕಂತ್ಲೇ ಮಾಡ್ಸಿದೀರಿ.”

“ಇಲ್ಲ ಯಜಮಾನ್ರೇ. ನಿಮ್ಮದು ದೂರ ಇದೆ. ದೂರ ಇರೋದು ಚಿಕ್ಕದಾಗಿ ಕಾಣುತ್ತೆ.”

“ದೂರ ಇದ್ರೆ ರಾಗಿ ಕಮ್ಮಿ ಬೆಳೀತದಾ?”

“ಇಲ್ಲ ಇಲ್ಲ, ಜಾಸ್ತಿನೇ ಬೆಳಿಯುತ್ತೆ,” ಎಂದರು ಹೆಡ್‌ಮಾಸ್ಟರು. ವೆಂಕಟಾಚಲಯ್ಯನವರ ಇಪ್ಪತ್ತು ವರ್ಷದ ನೌಕರಿಯಲ್ಲಿ ಅಧ್ಯಕ್ಷರು ಒಂದು ಸಲವೂ ತಪ್ಪು ಮಾತಾಡಿಲ್ಲ.

ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಲಕ್ಷ್ಮಿದೇವಮ್ಮನವರು ಮಜ್ಜಿಗೆ ತಂದು, ಚಿತ್ರ ಬಗ್ಗಿ ನೋಡಿ, “ಮಗಾ ಚೆಂದಾಗೇ ಬರ್ದದೆ. ನಮ್ಮ ಹುಣಸೆ ಮರ ಗುರ್ತು ಸಿಗ್ತದೆ ನೋಡಿ” ಎಂದರು.

“ಮರ ಸಿಕ್ತು, ಹೊಲ ಎಲ್ಲೇ? ಒಳಗೆ ಹೋಗು!”

ಕೊನೆಗೆ ಅಧ್ಯಕ್ಷರ ತೀರ್ಮಾನವಾಯಿತು. ಮುಂದಿನ ವಾರದ ಶನಿವಾರ ಶಾಲೆಯ ವಾರ್ಷಿಕೋತ್ಸವ, ಗೋಡೆಗೆ ಮಕ್ಕಳ ಚಿತ್ರ ತೂಗುಹಾಕುತ್ತಾರೆ, ಬೈರಣ್ಣನೂ ಬರುತ್ತಾನೆ. ಅಷ್ಟರೊಳಗೆ ಹೊಲ ಸರಿಯಾಗಬೇಕು, ಬೈರಣ್ಣನದರ ಎರಡರಷ್ಟು. ಮರುದಿನ ಭಾನುವಾರ ಕಮಿಟಿ ಸೇರುತ್ತದೆ. ಚಿತ್ರ ಸರಿಯಾದರೆ ಮೇಷ್ಟ್ರ ಖಾಯಂ ಕಾಗದಕ್ಕೆ ಹೆಬ್ಬೆಟ್ಟು. ಆಗದಿದ್ದರೆ ಡ್ರಾಯಿಂಗೇ ಬೇಡ, ಆ ಸಂಬಳಕ್ಕೆ ನೂಲುವುದನ್ನು ಕಲಿಸುವ ಮೇಷ್ಟ್ರನ್ನು ತಂದರಾಯಿತು.

ದಾರಿಯಲ್ಲಿ ಹೆಡ್‌ಮಾಸ್ಟರು ಸಮಾಧಾನ ಹೇಳಿದರು: “ಒಂದು ರಬ್ಬರು, ಐದು ನಿಮಿಷ. ಮೂರು ಎಕರೆ ಜೊತೆಗೆ ಇನ್ನೆರಡು ಸೇರಿಸಿಬಿಡಿ ಗುರುಶಾಂತಪ್ಪನೋರೇ. ಕಾಗದ ನಿಮ್ಮಪ್ಪಂದಾ?”

ಮೇಷ್ಟ್ರ ಹೆಂಡತಿ ಸರ್ವಮಂಗಳಮ್ಮ ನಾಲ್ಕು ವರ್ಷದಿಂದ ಟ್ರಂಕಿನ ಸಾಮಾನು ಪೂರ್ತಿ ಹೊರಗೆ ತೆಗೆದಿರಲಿಲ್ಲ. ಖಾಯಂ ಆಗದ ಊರಿನಲ್ಲಿ ಗೋಡೆಗೆ ಮೊಳೆ ಹೊಡೆಯುವುದು ಹೇಗೆ ಎಂದು ಅವರ ಯೋಚನೆ.

“ರಬ್ಬರ್ ಹಚ್ಚಿ ಅಂತ ನಾನು ಹೇಳಿದ್ರೆ ಕೇಳ್ತೀರಾ?” ಎಂದರು.

“ನಾನು ಬರೆದಿದ್ರೆ ಹಚ್ಚಿಬಿಡ್ತಿದ್ದೆ ಕಣೇ. ಆ ಹುಡುಗಿ ಕಂಡದ್ದನ್ನ ಕಂಡ ಹಾಗೆ ಬರೆದಿದಾಳೆ. ಅವಳಿಗೆ ಏನಂತ ಹೇಳ್ಲಿ, ನಿನ್ನ ಕಣ್ಣು ತಪ್ಪು ಅಂತಲಾ?”

“ಕಣ್ಣು ಸರಿ, ಕಮಿಟಿ ತಪ್ಪು ಅನ್ನಿ. ಆಮೇಲೆ ಟ್ರಂಕು ಹೊರೋಕೆ ಗಾಡಿ ನೋಡಿ,” ಎಂದು ಅವರು ಅನ್ನ ಬಡಿಸಿದರು. ಆ ಮಾತಿನಲ್ಲಿ ಕೋಪ ಎಷ್ಟು, ಒಪ್ಪಿಗೆ ಎಷ್ಟು ಎಂದು ಮೇಷ್ಟ್ರಿಗೆ ಗೊತ್ತಾಗಲಿಲ್ಲ.

ಗುರುವಾರದವರೆಗೆ ಅವರು ಚಿತ್ರವನ್ನು ಮುಟ್ಟಲಿಲ್ಲ. ಗುರುವಾರ ಬೆಳಿಗ್ಗೆ ಧೈರ್ಯ ಮಾಡಿ ಅಧ್ಯಕ್ಷರ ಮನೆಗೆ ಹೋಗಿ, ಒಂದು ಗಳಿಗೆ ಏರಿಗೆ ಬನ್ನಿ ಎಂದು ಕರೆದರು. ಏರಿಯ ಮೇಲೆ ನಿಲ್ಲಿಸಿ, ಕೈ ಚಾಚಿಸಿ, ಒಂದು ಕಣ್ಣು ಮುಚ್ಚಿಸಿದರು. ತಿಮ್ಮರಾಯಪ್ಪನವರು ದಿಣ್ಣೆಯ ಕಡೆ ಹೆಬ್ಬೆಟ್ಟು ಹಿಡಿದರು.

“ಇದು ನಂಗೊತ್ತಿಲ್ವಾ ಮೇಷ್ಟ್ರೇ? ದಿಣ್ಣೆ ಮ್ಯಾಲೆ ನನ್ನ ಎತ್ತು ಮೇಯ್ತಿದ್ರೆ ಇಲ್ಲಿಂದ ಇಲಿ ಹಂಗೆ ಕಾಣ್ತದೆ. ಇಲಿ ಅಂತ ಬೋನು ಇಡ್ತೀನಾ?”

“ಮತ್ತೆ ಯಾಕೆ ಯಜಮಾನ್ರೇ...”

“ನಂಗೊತ್ತು. ಆ ಮೂರು ಕಾಲಿನ ಮೆಶೀನ್‌ನವ್ನಿಗೆ ಗೊತ್ತಾ? ಅವ್ನೂ ಒಂದೇ ಕಣ್ಣಲ್ಲಿ ನೋಡ್ಕಂಡು ಹೋದ. ನನ್ನ ಮೂರೆಕ್ರೆ ಅವ್ನ ಬುಕ್ಕಲ್ಲಿ ಎಷ್ಟಾಗದೋ.”

ಆಗ ಅವರ ದನಿ ಜಗಲಿಯ ದನಿಯಾಗಿರಲಿಲ್ಲ. ಮೇಷ್ಟ್ರು ಅವರನ್ನು ನಡೆಸಿಕೊಂಡು ದಿಣ್ಣೆ ಹತ್ತಿಸಿದರು. ಅವರದ್ದೇ ಹೊಲದಲ್ಲಿ, ಹುಣಸೆ ಮರದ ಕೆಳಗೆ ತಿರುಗಿಸಿ ನಿಲ್ಲಿಸಿ, “ಈಗ ಬೈರಣ್ಣಂದು ಅಳೀರಿ” ಎಂದರು.

ತಿಮ್ಮರಾಯಪ್ಪನವರು ಅಳೆದರು. ಕಾಲು ಹೆಬ್ಬೆಟ್ಟೂ ಇರಲಿಲ್ಲ. ಮುಖ ಅರಳಿತು. “ಇದನ್ನ ಬರೆಸ್ರೀ ಮತ್ತೆ!”

“ಬರೆಸ್ತೀನಿ. ಆದ್ರೆ ಅದನ್ನ ಅಳಿಸಲ್ಲ. ಎರಡನ್ನೂ ಪಕ್ಕಪಕ್ಕ ಹಾಕ್ತೀನಿ.”

“ಅಳಿಸ್ದಿದ್ರೆ ಹೆಬ್ಬೆಟ್ಟು ಒತ್ತಲ್ಲ ಅಂದ್ರೆ?”

“ನೂಲೋದು ಕಲಿತು, ಆ ಕೆಲಸಕ್ಕೆ ಅರ್ಜಿ ಹಾಕ್ತೀನಿ” ಎಂದರು ಗುರುಶಾಂತಪ್ಪನವರು. ಅವರು ತಮಾಷೆಗೆ ಹೇಳಿದ್ದಲ್ಲ. ತಿಮ್ಮರಾಯಪ್ಪನವರು ದಿಣ್ಣೆ ಇಳಿದು ಹೋದರು.

ಶುಕ್ರವಾರ ಲೆಕ್ಕದ ಪಾಠ ಹಿಂದುಳಿಯಲಿಲ್ಲ. ಸರಸ್ವತಿ ಹುಣಸೆ ಮರದ ಕೆಳಗೆ ಕೂತು ಎರಡನೇ ಚಿತ್ರ ಬರೆದಳು. ಶನಿವಾರ ಎರಡೂ ಗೋಡೆಯ ಮೇಲೆ ಬಂದವು. ಬೈರಣ್ಣ ಮೊದಲ ಚಿತ್ರದ ಮುಂದೆ ಮೀಸೆ ತಿರುವುತ್ತಾ ನಿಂತ. ಎರಡನೆಯದಕ್ಕೆ ಬಂದವನೇ ಕೂಗಾಡಿದ: “ಮೇಷ್ಟ್ರೇ, ಇದ್ಯಾವ ನ್ಯಾಯ? ನನ್ನ ಹೊಲ ಎಲ್ಲಿ ಹೋಯ್ತು?”

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಉತ್ತರ ಬಂತು. “ದೂರ ಇರೋದು ಚಿಕ್ಕದಾಗಿ ಕಾಣ್ತದೆ ಕಣಯ್ಯ. ಅಷ್ಟೂ ಗೊತ್ತಿಲ್ವಾ ನಿಂಗೆ? ಕೈ ಚಾಚು. ಒಂದು ಕಣ್ಣು ಮುಚ್ಚು.” ಹನ್ನೊಂದು ವರ್ಷದ ಮೇಲೆ ತಿಮ್ಮರಾಯಪ್ಪನವರು ಬೈರಣ್ಣನೊಂದಿಗೆ ಆಡಿದ ಮೊದಲ ಮಾತು ಅದು. ಅರ್ಧ ಗಂಟೆ ಪಾಠ ಮಾಡಿದರು. ಹೆಡ್‌ಮಾಸ್ಟರು ಪಕ್ಕದಲ್ಲಿ ನಿಂತು, ಇಷ್ಟು ಚೆನ್ನಾಗಿ ನಮ್ಮ ಡ್ರಾಯಿಂಗ್ ಮೇಷ್ಟ್ರಿಗೂ ಹೇಳಿಕೊಡಲು ಬರುವುದಿಲ್ಲ ಎಂದರು.

ಭಾನುವಾರ ಖಾಯಂ ಕಾಗದಕ್ಕೆ ಹೆಬ್ಬೆಟ್ಟು ಬಿತ್ತು. ಚಿತ್ರದ ಮಾತು ಯಾರೂ ಎತ್ತಲಿಲ್ಲ. ಸರ್ವಮಂಗಳಮ್ಮ ಮಾರನೆಯ ದಿನ ಗೋಡೆಗೆ ಎರಡು ಮೊಳೆ ಹೊಡೆದರು, ಎರಡೂ ಸೊಟ್ಟಗೆ.

ಈಗ ಹೊಸ ತೊಂದರೆ. ಊರಿನ ಪ್ರತಿಯೊಬ್ಬರಿಗೂ ತಮ್ಮ ಹೊಲದಲ್ಲಿ ನಿಂತು ಬರೆದ ಚಿತ್ರ ಬೇಕು, ಮೆಶೀನ್‌ನವರು ಮತ್ತೆ ಬಂದರೆ ತೋರಿಸಲು. ಮೂರು ವಾರದಿಂದ ಕ್ಲಾಸು ಹೊಲದಿಂದ ಹೊಲಕ್ಕೆ ಹೋಗುತ್ತಿದೆ. ಲೆಕ್ಕದ ಪೀರಿಯಡ್ಡನ್ನೂ ಹೆಡ್‌ಮಾಸ್ಟರೇ ನಗುನಗುತ್ತಾ ಬಿಟ್ಟುಕೊಟ್ಟರು, ಏಕೆಂದರೆ ಮೂರನೆಯ ಹೊಲ ಅವರ ಭಾವನದು. ಕಮಿಟಿಯವರ ಹೊಲಗಳೆಲ್ಲ ಮುಗಿದ ಮೇಲೆ, ಪರೀಕ್ಷೆ ಹತ್ತಿರ ಬಂತು, ಇನ್ನು ಸಾಕು ಎಂದಿದ್ದಾರೆ. ಉಳಿದಿರುವುದು ಕೆರೆ ನೀರು ಬಿಡುವ ತೂಬಿನ ಹಿಂದೆ ಒಂಟಿಯಾಗಿರುವ ಮರಿಯಮ್ಮನ ಎಂಟು ಗುಂಟೆ. ಅದು ಯಾರ ಚಿತ್ರದಲ್ಲೂ ಮುಂದೆ ಬಂದಿಲ್ಲ, ಹಿಂದೆಯೂ ಕಾಣುವುದಿಲ್ಲ. ಆಯಮ್ಮ ಮೇಷ್ಟ್ರನ್ನು ಎರಡು ಸಲ ಕೇಳಿದ್ದಾರೆ. ಮೇಷ್ಟ್ರು ಹೆಡ್‌ಮಾಸ್ಟರನ್ನು ಎರಡು ಸಲ ಕೇಳಿದ್ದಾರೆ.

ಸ್ಕೂಲು ಬಿಟ್ಟ ನನಗೆ ಪರೀಕ್ಷೆಯಿಲ್ಲ. ನಾಳೆ ಬೆಳಿಗ್ಗೆ ಮೇಷ್ಟ್ರ ಹತ್ತಿರ ಒಂದು ಕಾಗದ ಕೇಳಿ ತೆಗೆದುಕೊಂಡು, ತೂಬಿನ ಹಿಂದೆ ಹೋಗಿ, ಮರಿಯಮ್ಮನ ಹೊಲದಲ್ಲಿ ಕೂತು ಅದನ್ನು ಬರೆಯುತ್ತೇನೆ.